ಹನ್ನೆರಡು ಜನರ ಉಸಿರು ಎಲ್ಲಿ ಹೋಯಿತು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನವನು. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ರಜೆಯಲ್ಲಿ 'ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್' ಎಂಬ ಕಂಪ್ಯೂಟರ್ ಆಟ ಆಡುತ್ತಿದ್ದೇನೆ. ಕ್ಷುದ್ರಗ್ರಹದ ಹೊಟ್ಟೆಯೊಳಗೆ ವಸತಿ ಕಟ್ಟಿ ಜನರನ್ನು ಬದುಕಿಸಬೇಕು. ನನ್ನ ವಸತಿಯಲ್ಲಿ 12 ಜನರಿದ್ದಾರೆ. ಪಾಚಿ ಮುಗಿದದ್ದರಿಂದ, ಅದರಿಂದ ಆಮ್ಲಜನಕ ಮಾಡುವ ಮೂರು ಡಿಫ್ಯೂಸರ್‌ಗಳನ್ನು ಕಿತ್ತು, ಮುಚ್ಚಿದ ಕೋಣೆಯೊಂದರಲ್ಲಿ ನೀರನ್ನು ಒಡೆದು ಆಮ್ಲಜನಕ ಮಾಡುವ ಒಂದು ಎಲೆಕ್ಟ್ರೋಲೈಸರ್, ಒಂದು ಗ್ಯಾಸ್ ಪಂಪ್ ಇಟ್ಟೆ. ಆಟದ ಮೂರ್ನಾಲ್ಕು ದಿನದಲ್ಲಿ ಪರದೆಯ ಪ್ರತಿ ಚೌಕದಲ್ಲಿ 1,800 ಗ್ರಾಂ ಇದ್ದ ಆಮ್ಲಜನಕ 300ಕ್ಕೆ ಇಳಿಯಿತು. ಕೆಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಿದೆ. ಈ ನಡುವೆ ಒಂದು ಗೋಡೆ ಕಟ್ಟಿದಾಗ ಒಂದು ಚೌಕದ ಅನಿಲ ಕಣ್ಣೆದುರಿಗೇ ಮಾಯವಾಯಿತು. ಕಂಪ್ಯೂಟರಿನ ಹೊರೆ ಇಳಿಸಲು ಆಟವೇ ಅನಿಲವನ್ನು ಅಲ್ಲಲ್ಲಿ ಅಳಿಸಿಹಾಕುತ್ತದೆ ಎಂದು ಗೆಳೆಯ ಹೇಳುತ್ತಾನೆ. ನಿಜವೇ? ಮೇಲಕ್ಕೆ ಅಗೆದ ಏಣಿಯ ಸುರಂಗ ಆಕಾಶದವರೆಗೆ ಹೋಗಿದೆ. ಅಲ್ಲಿ ಬಾಗಿಲು ಹಾಕಿದ್ದೇನೆ.

ಇನ್ನೊಂದು ಮಾತು. ನಮ್ಮ ಮನೆಯ ಹಿತ್ತಲಿನಲ್ಲಿ ಅಜ್ಜನ ಕಾಲದ ಹಗೇವು, ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಗುಂಡಿ, ಇದೆ. ದನ ಬೀಳುತ್ತದೆಂದು ಅಪ್ಪ ಅದನ್ನು ಮುಚ್ಚಬೇಕೆಂದಿದ್ದಾರೆ. ಅದಕ್ಕೂ ಮೊದಲು ಒಳಗೆ ಇಳಿದು ಹಳೆಯ ತಾಮ್ರದ ಕೊಡ ಏನಾದರೂ ಇದೆಯೇ ಎಂದು ನೋಡುವ ಆಸೆ ನನ್ನ ತಮ್ಮನಿಗೆ. ಆಟದಲ್ಲಿ ಇರುವಂತೆ ಕೆಟ್ಟ ಗಾಳಿ ತಳದಲ್ಲಷ್ಟೇ ಇರುತ್ತದೆ, ಉಸಿರು ಬಿಗಿಹಿಡಿದು ಹೋಗಿ ಬಂದರಾಯಿತು ಎನ್ನುತ್ತಾನೆ. ಸರಿಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಸರಿಯಲ್ಲ. ಈ ಉತ್ತರ ಓದಿ ಮುಗಿಸುವ ಮೊದಲೇ ಮನೆಗೆ ಫೋನ್ ಮಾಡಿ, ಹಗೇವಿಗೆ ಯಾರೂ ಇಳಿಯಬಾರದು ಎಂದು ಹೇಳಿ. ಕಾರಣವನ್ನು ಆಮೇಲೆ ವಿವರವಾಗಿ ಬರೆಯುತ್ತೇನೆ.

ನಾನು ಇಪ್ಪತ್ತೆರಡು ವರ್ಷ ನೆಲದೊಳಗಿನ ಗಣಿಯಲ್ಲಿ ಗಾಳಿ ವ್ಯವಸ್ಥೆಯ ಕೆಲಸ ಮಾಡಿದವನು. ಯಾವ ಸುರಂಗಕ್ಕೆ ಎಷ್ಟು ಗಾಳಿ ಹೋಗುತ್ತಿದೆ, ಅಲ್ಲಿ ಎಷ್ಟು ಜನರಿದ್ದಾರೆ, ಹೊರಬರುವ ಗಾಳಿಯಲ್ಲಿ ಏನೇನಿದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುವುದೇ ನನ್ನ ದಿನಚರಿಯಾಗಿತ್ತು. ಈ ಆಟವನ್ನು ನನಗೆ ಕಲಿಸಿದವಳು ಮಗಳು. ಕೆನಡಾದ ವ್ಯಾಂಕೂವರಿನ ಕ್ಲೇ ಎಂಟರ್‌ಟೇನ್‌ಮೆಂಟ್ 2019ರ ಜುಲೈನಲ್ಲಿ ಅದನ್ನು ಪೂರ್ಣರೂಪದಲ್ಲಿ ಬಿಡುಗಡೆ ಮಾಡಿತು. ಆಡಿದ ಮೊದಲ ವಾರವೇ ನನಗೆ ಅನಿಸಿದ್ದು, ಗಾಳಿಗೆ ಲೆಕ್ಕವಿಡಬೇಕು ಎಂಬ ಬುದ್ಧಿಯನ್ನು ಇಷ್ಟು ಚೆನ್ನಾಗಿ ಕಲಿಸುವ ಸಾಧನ ನನ್ನ ಕೆಲಸದ ದಿನಗಳಲ್ಲಿ ಇದ್ದಿದ್ದರೆ ಹೊಸಬರಿಗೆ ತರಬೇತಿ ಕೊಡುವುದು ಎಷ್ಟು ಸುಲಭವಾಗುತ್ತಿತ್ತು ಎಂದು.

ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ನಿಜವಿದೆ. ಆಟದಲ್ಲಿ ಅನಿಲ ಅಳಿಯುತ್ತದೆ, ಆದರೆ ಮನಬಂದಂತೆ ಅಳಿಯುವುದಿಲ್ಲ. ಪ್ರತಿ ಅಳಿವಿಗೂ ಗೊತ್ತಾದ ಜಾಗ, ಗೊತ್ತಾದ ಪ್ರಮಾಣ ಇದೆ. ನಿಮ್ಮ ಪ್ರಕರಣದಲ್ಲಿ ಕಳೆದುಹೋದ ಆಮ್ಲಜನಕದ ಬಹುಪಾಲನ್ನು ಕಾಗದ ಪೆನ್ನು ಹಿಡಿದು ಪತ್ತೆ ಮಾಡಬಹುದು.

ಮೊದಲು ಚೌಕದ ನಿಯಮ. ಪರದೆಯ ಮೇಲಿನ ಪ್ರತಿ ಚೌಕದಲ್ಲಿ ಒಂದು ಹೊತ್ತಿಗೆ ಒಂದೇ ವಸ್ತು ಇರಲು ಸಾಧ್ಯ. ಆಮ್ಲಜನಕ ಇದ್ದರೆ ಆಮ್ಲಜನಕ ಮಾತ್ರ, ಇಂಗಾಲದ ಡೈಆಕ್ಸೈಡ್ ಇದ್ದರೆ ಅದು ಮಾತ್ರ. ಎರಡೂ ಬೆರೆತ ಗಾಳಿ ಎಂಬುದೇ ಅಲ್ಲಿಲ್ಲ. ಅಕ್ಕಪಕ್ಕದ ಚೌಕಗಳು ಜಾಗ ಬದಲಿಸಿಕೊಳ್ಳುತ್ತಾ ಹೋಗುತ್ತವೆ. ಭಾರವಾದದ್ದು ಕೆಳಗೆ ಇಳಿಯುತ್ತದೆ, ಹಗುರವಾದದ್ದು ಮೇಲೆ ಏರುತ್ತದೆ. ಹೀಗಾಗಿ ತಳದಲ್ಲಿ ಇಂಗಾಲದ ಡೈಆಕ್ಸೈಡ್, ಅದರ ಮೇಲೆ ಕ್ಲೋರಿನ್, ಅದರ ಮೇಲೆ ಆಮ್ಲಜನಕ, ಚಾವಣಿಗೆ ಅಂಟಿಕೊಂಡು ಜಲಜನಕ. ಒತ್ತಡ ಎಂದರೆ ಆ ಚೌಕದಲ್ಲಿ ಎಷ್ಟು ಗ್ರಾಂ ಅನಿಲವಿದೆ ಎಂಬುದಷ್ಟೇ. ಬಿಸಿಯಾದರೂ ಒತ್ತಡ ಏರುವುದಿಲ್ಲ, ಬಿಸಿಗಾಳಿ ಮೇಲೇಳುವುದೂ ಇಲ್ಲ.

ಈಗ ಉಸಿರಾಟಕ್ಕೆ ಬನ್ನಿ. ಆಟದ ಒಬ್ಬ ನಿವಾಸಿ ಸೆಕೆಂಡಿಗೆ 100 ಗ್ರಾಂ ಆಮ್ಲಜನಕ ಎಳೆದುಕೊಳ್ಳುತ್ತಾನೆ. ಹೊರಗೆ ಬಿಡುವುದು 2 ಗ್ರಾಂ ಇಂಗಾಲದ ಡೈಆಕ್ಸೈಡ್. ಉಳಿದ 98 ಗ್ರಾಂ ಎಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ, ಅಳಿಯಿತು. ನೀವು ಹುಡುಕುತ್ತಿರುವ ಮಾಯದ ಮೂಲ ಇದೇ. ನಿಜಜೀವನದಲ್ಲಿ ಹೀಗಲ್ಲ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬಳಸಿ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ನಾವು ತಿಂದ ಅನ್ನದ, ರೊಟ್ಟಿಯ ಇಂಗಾಲವೂ ಉಸಿರಿನೊಡನೆ ಸೇರುವುದರಿಂದ ಹೊರಹೋಗುವ ತೂಕವೇ ಹೆಚ್ಚು. ಆಟದ ಕಲ್ಲಿದ್ದಲು ಜನರೇಟರ್ ಕೂಡ ಇದೇ ಜಾತಿಯದು. ಸೆಕೆಂಡಿಗೆ ಒಂದು ಕಿಲೋ ಕಲ್ಲಿದ್ದಲು ಉರಿಸಿ 20 ಗ್ರಾಂ ಅನಿಲ ಬಿಡುತ್ತದೆ. ನಮ್ಮ ರಾಯಚೂರಿನ ಶಕ್ತಿನಗರದ ಚಿಮಣಿಗಳನ್ನು ನೋಡಿದವರಿಗೆ ಇದನ್ನು ನಂಬುವುದು ಕಷ್ಟ. ನಿಜದಲ್ಲಿ ಒಂದು ಕಿಲೋ ಕಲ್ಲಿದ್ದಲು ಉರಿದರೆ ಒಂದು ಕಿಲೋಗಿಂತ ಹೆಚ್ಚೇ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಏಕೆಂದರೆ ಗಾಳಿಯ ಆಮ್ಲಜನಕವೂ ಅದಕ್ಕೆ ಕೂಡಿಕೊಳ್ಳುತ್ತದೆ.

ನಿಮ್ಮ ವಸತಿಯ ಲೆಕ್ಕ ಹಾಕೋಣ. 12 ಜನರಿಗೆ ಸೆಕೆಂಡಿಗೆ 1,200 ಗ್ರಾಂ ಆಮ್ಲಜನಕ ಬೇಕು. ನೀವು ಕಿತ್ತುಹಾಕಿದ ಪಾಚಿಯ ಡಿಫ್ಯೂಸರ್ ತಲಾ 500 ಗ್ರಾಂ ಕೊಡುತ್ತಿತ್ತು. ಮೂರರಿಂದ 1,500. ಆಗ ಕೊರತೆ ಇರಲಿಲ್ಲ. ಎಲೆಕ್ಟ್ರೋಲೈಸರ್ ಸೆಕೆಂಡಿಗೆ ಒಂದು ಕಿಲೋ ನೀರು ಕುಡಿದು 888 ಗ್ರಾಂ ಆಮ್ಲಜನಕ, 112 ಗ್ರಾಂ ಜಲಜನಕ ಕೊಡುತ್ತದೆ. ಪೂರ್ತಿ ವೇಗದಲ್ಲಿ ಓಡಿದರೂ ಅದು ಒಂಬತ್ತು ಜನರಿಗೆ ಸಾಲದು. ಅದಕ್ಕಿಂತ ದೊಡ್ಡ ತೊಡಕು ನಿಮ್ಮ ಪಂಪ್. ಗ್ಯಾಸ್ ಪಂಪ್ ಎಳೆಯುವುದು ಸೆಕೆಂಡಿಗೆ 500 ಗ್ರಾಂ. ಮುಚ್ಚಿದ ಕೋಣೆಯಲ್ಲಿ ಸೆಕೆಂಡಿಗೆ ಒಂದು ಕಿಲೋ ಅನಿಲ ಹುಟ್ಟಿ ಅರ್ಧ ಕಿಲೋ ಮಾತ್ರ ಹೊರಹೋದರೆ ಒತ್ತಡ ಏರುತ್ತದೆ. ಸುತ್ತ 1,800 ಗ್ರಾಂ ಮುಟ್ಟಿದೊಡನೆ ಎಲೆಕ್ಟ್ರೋಲೈಸರ್ ನಿಲ್ಲುತ್ತದೆ, ಸ್ವಲ್ಪ ತೆರವಾದರೆ ಮತ್ತೆ ಓಡುತ್ತದೆ. ಒಟ್ಟಿನಲ್ಲಿ ಅರ್ಧ ಹೊತ್ತು ಸುಮ್ಮನೆ ಕೂತಿರುತ್ತದೆ. ಅಲ್ಲಿಗೆ ನಿಮ್ಮ ಜನರಿಗೆ ಸಿಗುತ್ತಿರುವುದು ಸೆಕೆಂಡಿಗೆ ಸುಮಾರು 444 ಗ್ರಾಂ. ಕೊರತೆ 756 ಗ್ರಾಂ. ಆಟದ ಒಂದು ದಿನಕ್ಕೆ 600 ಸೆಕೆಂಡು. ಗುಣಿಸಿದರೆ ದಿನಕ್ಕೆ 450 ಕಿಲೋಗೂ ಮಿಗಿಲು. ನಿಮ್ಮ ವಸತಿ ಸಾವಿರ ಚೌಕದಷ್ಟು ಇದೆ ಎಂದುಕೊಂಡರೆ 1,800 ಗ್ರಾಂ 300ಕ್ಕೆ ಇಳಿಯಲು ಮೂರು ದಿನಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ನೀವು ಬರೆದದ್ದೂ ಮೂರ್ನಾಲ್ಕು ದಿನ ಎಂದೇ. ಜೊತೆಗೆ ನಿವಾಸಿಗಳ ಗುಣಪಟ್ಟಿ ತೆರೆದು ನೋಡಿ. ಬಾಯಿಯಿಂದ ಉಸಿರಾಡುವ ಗುಣದವರಿದ್ದರೆ ಒಬ್ಬರೇ ಇಬ್ಬರ ಪಾಲು ಎಳೆಯುತ್ತಾರೆ.

ಇಷ್ಟು ಸಿಕ್ಕಿತೆಂದು ಆಕಾಶದ ಬಾಗಿಲನ್ನು ಮರೆಯಬೇಡಿ. ಮೇಲ್ಮೈಯಲ್ಲಿ ಹಿಂಗೋಡೆ ಇಲ್ಲದೆ ಬಯಲಿಗೆ ತೆರೆದ ಚೌಕಗಳಿವೆ. ಅಲ್ಲಿಗೆ ತಲುಪಿದ ಅನಿಲ ನಿಂತಲ್ಲೇ ಅಳಿಯುತ್ತದೆ. ಬಾಗಿಲು ಮುಚ್ಚಿದ್ದಾಗ ತಡೆಯುತ್ತದೆ ನಿಜ, ಆದರೆ ಒಬ್ಬೊಬ್ಬರು ದಾಟಿದಾಗಲೂ ಅದು ತೆರೆದುಕೊಳ್ಳುತ್ತದೆ, ಒಂದಿಷ್ಟು ಗಾಳಿ ಆಚೆ ಜಾರುತ್ತದೆ. ಎಷ್ಟು ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಆ ಸುರಂಗದ ಬುಡಕ್ಕೆ ಒಂದು ದಿನದ ಮಟ್ಟಿಗೆ ಗಟ್ಟಿ ಗೋಡೆ ಕಟ್ಟಿ, ಇಳಿಕೆಯ ವೇಗ ಬದಲಾಯಿತೇ ನೋಡಿ. ಗಣಿಯಲ್ಲಿ ನಾವು ಮಾಡುತ್ತಿದ್ದದ್ದೂ ಇದೇ. ಅನುಮಾನವಿರುವ ಕವಲುಗಳನ್ನು ಒಂದೊಂದಾಗಿ ಮುಚ್ಚಿ ಅಳೆಯುತ್ತಿದ್ದೆವು. ಕಾಯಂ ಪರಿಹಾರ ಬೇಕಾದರೆ ನೀರಿನ ಬಾಗಿಲು ಮಾಡಿ. ದಾರಿಯನ್ನು ಕೆಳಗೆ ಬಾಗಿಸಿ, ಬಾಗಿನಲ್ಲಿ ಸ್ವಲ್ಪ ನೀರು ನಿಲ್ಲಿಸಿದರೆ ಜನ ದಾಟುತ್ತಾರೆ, ಅನಿಲ ದಾಟುವುದಿಲ್ಲ. ಮನೆಯ ಸಿಂಕಿನ ಕೆಳಗಿನ ಬಾಗಿದ ಕೊಳವೆ ವಾಸನೆ ತಡೆಯುವ ಕ್ರಮವೇ ಇದು. ತೊಂದರೆ ಎಂದರೆ ದಾಟುವವರು ಒದ್ದೆಯಾಗಿ ಅವರ ಮಾನಸಿಕ ಒತ್ತಡ ಏರುತ್ತದೆ.

ಮೂಲೆಗಳಲ್ಲಿ ಓರೆಯಾಗಿ ಗಾಳಿ ಸೋರುತ್ತದೆ ಎಂದು ಹಲವರು ಎರಡು ಪದರ ಗೋಡೆ ಕಟ್ಟುತ್ತಾರೆ. ಅದು ಬೇಡದ ಖರ್ಚು. ಅನಿಲ ಚಲಿಸುವುದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮಾತ್ರ.

ಗೋಡೆ ಕಟ್ಟುವಾಗ ಮಾಯವಾದ ಚೌಕದ ಬಗ್ಗೆ ಹೇಳುವುದಾದರೆ, ಅಲ್ಲಿ ನೀವು ನೋಡಿದ್ದು ಸರಿ. ಗೋಡೆ ಏಳುವಾಗ ಆ ಚೌಕದ ಅನಿಲವನ್ನು ಆಟ ಪಕ್ಕಕ್ಕೆ ತಳ್ಳಲು ನೋಡುತ್ತದೆ. ತಳ್ಳಲು ಜಾಗವೇ ಸಿಗದಿದ್ದರೆ ಅದು ಅಳಿಯುತ್ತದೆ. ಒಂದು ಚೌಕದ ನಷ್ಟ ದೊಡ್ಡದಲ್ಲ. ಆದರೆ ಜಲಜನಕ ತುಂಬಿದ ಕೋಣೆಯನ್ನು ಒಳಗಿನಿಂದ ಇಟ್ಟಿಗೆ ಇಟ್ಟಿಗೆಯಾಗಿ ಕಿರಿದು ಮಾಡುತ್ತಾ ಹೋದರೆ ಕೊನೆಯ ಚೌಕಗಳಲ್ಲಿ ಹಲವು ಕಿಲೋ ಹೋಗಿಬಿಡಬಹುದು. ಮೊದಲು ಪಂಪ್ ಮಾಡಿ ಖಾಲಿ ಮಾಡಿ, ಆಮೇಲೆ ಕಟ್ಟಿ.

ಇನ್ನು ಏನು ಮಾಡಬೇಕು? ನಾನಾಗಿದ್ದರೆ ಎರಡು ಎಲೆಕ್ಟ್ರೋಲೈಸರ್, ಮೂರು ಪಂಪ್ ಇಡುತ್ತಿದ್ದೆ. ಮೂರು ಪಂಪ್ ಸೆಕೆಂಡಿಗೆ ಒಂದೂವರೆ ಕಿಲೋ ಎಳೆಯುತ್ತವೆ, ಅದರಲ್ಲಿ ಆಮ್ಲಜನಕ 1,330 ಗ್ರಾಂ ಆಸುಪಾಸು. 12 ಜನರಿಗೆ ಸಾಕಾಗಿ ಸ್ವಲ್ಪ ಮಿಗುತ್ತದೆ. ಮೂರನ್ನೂ ಒಂದೇ ಕೊಳವೆಗೆ ಜೋಡಿಸಬೇಡಿ. ಕೊಳವೆಯ ಮಿತಿ ಸೆಕೆಂಡಿಗೆ ಒಂದು ಕಿಲೋ, ಆದ್ದರಿಂದ ಒಂದು ಕೊಳವೆಗೆ ಎರಡೇ ಪಂಪ್. ಗಾಳಿ ಬಿಡುವ ವೆಂಟ್ ಸುತ್ತ 2 ಕಿಲೋ ಆದೊಡನೆ ಮುಚ್ಚಿಕೊಳ್ಳುತ್ತದೆ ಎಂಬುದೂ ನೆನಪಿರಲಿ. ಒಂದೇ ಮೂಲೆಯಲ್ಲಿ ಎಲ್ಲ ವೆಂಟ್ ಇಟ್ಟರೆ ಆ ಮೂಲೆ ತುಂಬಿ ನಿಲ್ಲುತ್ತದೆ, ಆಚೆ ತುದಿಯಲ್ಲಿ ಮಲಗಿದವನು ಏದುಸಿರು ಬಿಡುತ್ತಿರುತ್ತಾನೆ. ಹಂಚಿ ಇಡಿ. ಬೇರ್ಪಡಿಸಿದ ಜಲಜನಕವನ್ನು ಜನರೇಟರಿಗೆ ಕೊಟ್ಟರೆ ಪಂಪುಗಳ ವಿದ್ಯುತ್ ಅದರಿಂದಲೇ ಹುಟ್ಟುತ್ತದೆ.

ಇದರ ಅಪಾಯ ಎರಡು. ಒಂದು ನೀರು. ನಿಮ್ಮ ಜನರ ಉಸಿರಿಗಷ್ಟೇ ದಿನಕ್ಕೆ 810 ಕಿಲೋ ನೀರು ಬೇಕು. ಕಾಯಂ ನೀರಿನ ಮೂಲ ಇಲ್ಲದೆ ಕೊಳದ ನೀರನ್ನೇ ನಂಬಿದರೆ ಈಗಿನ ಆಮ್ಲಜನಕದ ಬರ ಮುಂದೆ ನೀರಿನ ಬರವಾಗುತ್ತದೆ. ಇನ್ನೊಂದು ಬಿಸಿ. ಎಲೆಕ್ಟ್ರೋಲೈಸರಿನಿಂದ ಬರುವ ಅನಿಲ ಕನಿಷ್ಠ 70 ಡಿಗ್ರಿ ಇರುತ್ತದೆ. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯೇ ನಮಗೆ ಸಾಕು ಸಾಕೆನಿಸುತ್ತದೆ. ಆಟದ ಮೀಲ್‌ವುಡ್ ಗಿಡ 30 ಡಿಗ್ರಿ ದಾಟಿದರೆ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಗಾಳಿ ಸರಿಮಾಡಲು ಹೋಗಿ ಊಟ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಗಾಳಿಯ ಕೊಳವೆಯನ್ನು ತಣ್ಣನೆಯ ಪ್ರದೇಶದ ಮೂಲಕ ಸುತ್ತಿಸಿ ತನ್ನಿ, ಇಲ್ಲವೇ ಹೊಲವಿರುವ ಕೋಣೆಗೆ ವೆಂಟ್ ಇಡಬೇಡಿ.

ಕೆಳಗೆ ತುಂಬುತ್ತಿರುವ ಇಂಗಾಲದ ಡೈಆಕ್ಸೈಡ್ ನಿಮ್ಮನ್ನು ಹೆದರಿಸಿದೆ, ಆದರೆ ಪ್ರಮಾಣ ನೋಡಿದರೆ ಅದು ಸಣ್ಣದು. 12 ಜನರಿಂದ ದಿನಕ್ಕೆ 14 ಕಿಲೋ ಚಿಲ್ಲರೆ. ಆಟದಲ್ಲಿ ಅದು ವಿಷವೂ ಅಲ್ಲ, ಉಸಿರಾಡಲು ಬಾರದ ಜಾಗ ಅಷ್ಟೇ. ಆಮ್ಲಜನಕ ತೆಳುವಾದಂತೆ ಅದರ ಪದರ ಮೇಲೆ ಹಬ್ಬಿದ್ದರಿಂದ ನಿಮಗೆ ಹೆಚ್ಚಾದಂತೆ ಕಂಡಿದೆ. ತಳದಲ್ಲಿ ಗುಂಡಿ ತೋಡಿದರೆ ಬಹಳ ದಿನ ಸಾಗುತ್ತದೆ. ಕಾರ್ಬನ್ ಸ್ಕಿಮ್ಮರ್ ಇಟ್ಟರೆ ಸೆಕೆಂಡಿಗೆ 300 ಗ್ರಾಂ ತೊಳೆಯುತ್ತದೆ, ಆ ಅನಿಲವೂ ಅಲ್ಲಿಗೆ ಅಳಿಯುತ್ತದೆ. ಒಂದು ಕಿಲೋ ನೀರು ಹಾಕಿದರೆ ಒಂದು ಕಿಲೋ ಕೊಳೆನೀರೇ ಹೊರಬರುತ್ತದೆ. ನಿಮಗೆ ಒಂದೇ ಯಂತ್ರ, ಅದೂ ದಿನದಲ್ಲಿ ಸ್ವಲ್ಪ ಹೊತ್ತು ಓಡಿದರೆ ಸಾಕು. ಮುಂದೆ ಸ್ಲಿಕ್‌ಸ್ಟರ್ ಪ್ರಾಣಿಗಳನ್ನು ಸಾಕಿದರೆ ಅವು ಇದನ್ನೇ ತಿಂದು ಕಚ್ಚಾತೈಲ ಕೊಡುತ್ತವೆ. ಅವಕ್ಕೆ ಸೆಕೆ ಬೇಕು, ಹೊಲದ ಪಕ್ಕ ಇಡಲಾಗದು.

ಈಗ ಹಗೇವು.

ಆಟದ ಗಾಳಿಗೂ ನಮ್ಮ ಗಾಳಿಗೂ ದೊಡ್ಡ ಅಂತರ ಇರುವುದು ಬೆರೆಯುವ ಗುಣದಲ್ಲಿ. ನಿಜವಾದ ಅನಿಲಗಳು ಒಂದರೊಳಗೊಂದು ಬೆರೆಯುತ್ತವೆ. ಬೆರೆತ ಮೇಲೆ ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂದು ತಾವಾಗಿಯೇ ಬೇರೆಯಾಗುವುದಿಲ್ಲ. ಹಾಗೆ ಬೇರೆಯಾಗುತ್ತಿದ್ದರೆ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಇಂಗಾಲದ ಡೈಆಕ್ಸೈಡ್ ಎಲ್ಲ ಊರುಗಳ ನೆಲಕ್ಕೂ ಹಾಸಿಕೊಂಡಿರುತ್ತಿತ್ತು. ಆದರೆ ಹಗೇವಿನಂಥ ಕಡೆ, ಅನಿಲ ಒಳಗೇ ಹುಟ್ಟಿ, ಬಾಯಿ ಕಿರಿದಾಗಿ, ಗಾಳಿ ಆಡದಿದ್ದರೆ, ಅದು ತುಂಬಿ ನಿಲ್ಲುತ್ತದೆ. ಕಾಳು ಸತ್ತ ವಸ್ತುವಲ್ಲ, ಅದೂ ಉಸಿರಾಡುತ್ತದೆ. ಉಳಿದ ಜೋಳ, ಗೋಡೆಗೆ ಹಾಸಿದ ದಂಟು, ಒಳಗೆ ಇಳಿದ ತೇವ, ಬೂಷ್ಟು ಎಲ್ಲವೂ ಸೇರಿ ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕಾಳಿಗೆ ಹುಳು ಬೀಳದಂತೆ ಕಾಪಾಡುತ್ತಿದ್ದದ್ದೂ ಅದೇ ಗಾಳಿ. ಅದು ಆಟದಂತೆ ತಳದ ಒಂದು ಪದರವಾಗಿ ಇರಬೇಕಿಲ್ಲ. ಬಾಯಿಯಿಂದ ಒಂದು ಆಳು ಇಳಿಯುವಷ್ಟರಲ್ಲೇ ಸಿಗಬಹುದು.

ಲಿಂಗಸುಗೂರು ಕಡೆಯ ನಮ್ಮ ಊರಿನಲ್ಲಿ ಹಗೇವು ತೆಗೆಯುವ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಯಿಯ ಮಣ್ಣು ಕೆರೆದು ಚಪ್ಪಡಿ ಸರಿಸಿದ ಮೇಲೆ ಅಜ್ಜಿ ಮಕ್ಕಳನ್ನೆಲ್ಲ ದೂರ ಕಳಿಸುತ್ತಿದ್ದಳು. ಹುಳಿ ಹುಳಿಯಾದ ಬಿಸಿ ವಾಸನೆ ಏಳುತ್ತಿತ್ತು. ಒಂದು ದಿನ ಹಾಗೇ ಬಿಟ್ಟು, ಮರುದಿನ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದಳು. ಒಮ್ಮೆ ಎರಡು ಮೊಳ ಇಳಿಯುವಷ್ಟರಲ್ಲಿ ಬತ್ತಿ ಮೊದಲು ಹಳದಿಯಾಗಿ, ಗುಬ್ಬಿಯ ಕಣ್ಣಿನಷ್ಟು ಸಣ್ಣದಾಗಿ, ಆರಿಹೋಯಿತು. ಅಜ್ಜಿ ಏನೂ ಹೇಳದೆ ಹಗ್ಗ ಸುತ್ತಿಕೊಂಡು ಮನೆಗೆ ನಡೆದಳು. ಆ ದಿನ ಯಾರೂ ಇಳಿಯಲಿಲ್ಲ.

ಕಂದೀಲಿನ ಪರೀಕ್ಷೆ ಅಜ್ಜಿಯ ಕಾಲಕ್ಕೆ ಬಹಳ ಜೀವ ಉಳಿಸಿದೆ. ಇಂದು ಅದನ್ನು ಅರ್ಧ ಮಾತ್ರ ನಂಬಿ. ದೀಪ ಆರಿದರೆ ಒಳಗೆ ಸಾವಿದೆ ಎಂದು ಖಚಿತ. ದೀಪ ಉರಿದರೆ ಜಾಗ ಸುರಕ್ಷಿತ ಎಂದು ಅರ್ಥವಲ್ಲ. ಗಾಳಿಯಲ್ಲಿ ಸಹಜವಾಗಿ ಶೇ 20.9ರಷ್ಟು ಆಮ್ಲಜನಕ ಇರುತ್ತದೆ. 19.5ಕ್ಕಿಂತ ಕೆಳಗಿಳಿದರೆ ಇಂಥ ಮುಚ್ಚಿದ ಜಾಗಗಳಿಗೆ ಯಾರನ್ನೂ ಬಿಡಬಾರದು. ದೀಪ ಆರುವುದು ಸುಮಾರು 16ಕ್ಕೆ ಬಂದಾಗ. ಇಂಗಾಲದ ಡೈಆಕ್ಸೈಡ್ ಶೇ 4 ಮುಟ್ಟಿದರೇ ಜೀವಕ್ಕೆ ತಕ್ಷಣದ ಅಪಾಯ ಎಂದು ಲೆಕ್ಕ, ಅಷ್ಟರಲ್ಲಿ ದೀಪ ಇನ್ನೂ ಉರಿಯುತ್ತಿರಬಹುದು.

ಉಸಿರು ಬಿಗಿಹಿಡಿಯುವ ಮಾತು ಇನ್ನೂ ಅಪಾಯದ್ದು. ಆಟದ ನಿವಾಸಿ ಉಸಿರಿನ ಪಟ್ಟಿ ಖಾಲಿಯಾಗುತ್ತಾ ಬಂದರೆ ತಾನೇ ಆಮ್ಲಜನಕದ ಕಡೆಗೆ ಓಡುತ್ತಾನೆ. ಮನುಷ್ಯ ಏಣಿ ಹತ್ತುವ ಶ್ರಮಕ್ಕೆ ಒಮ್ಮೆ ಬಾಯಿ ತೆರೆದು ಎಳೆದರೆ ಸಾಕು. ಆಮ್ಲಜನಕ ತೀರಾ ಕಡಿಮೆ ಇರುವ ಗಾಳಿಯ ಒಂದೆರಡು ಉಸಿರಿಗೇ ಎಚ್ಚರ ತಪ್ಪುತ್ತದೆ. ಕೂಗಲೂ ಆಗುವುದಿಲ್ಲ. ಮೇಲಿದ್ದವರು ಬಿದ್ದವನನ್ನು ಎತ್ತಲು ಧುಮುಕುತ್ತಾರೆ, ಅವರೂ ಅಲ್ಲೇ ಉಳಿಯುತ್ತಾರೆ. ಬಾವಿ, ಹಗೇವು, ಮಲಗುಂಡಿಗಳಲ್ಲಿ ಒಂದೇ ಮನೆಯ ಇಬ್ಬರು ಮೂವರು ಹೋಗುವುದು ಹೀಗೆಯೇ. ನಾಳೆ ಎಲ್ಲಿಯಾದರೂ ಯಾರಾದರೂ ಬಿದ್ದದ್ದು ಕಂಡರೆ ನೀವು ಇಳಿಯಬೇಡಿ, 112ಕ್ಕೆ ಕರೆ ಮಾಡಿ, ಅಗ್ನಿಶಾಮಕದವರು ಉಸಿರಾಟದ ಸಾಧನ ತೊಟ್ಟು ಇಳಿಯಲಿ.

ನಿಜವಾಗಿಯೂ ಇಳಿಯಲೇಬೇಕಾದ ಕೆಲಸವಿದ್ದರೆ ಬಾಯಿ ತೆರೆದಿಟ್ಟರೆ ಸಾಲದು, ಭಾರದ ಗಾಳಿ ತಾನಾಗಿ ಮೇಲೆ ಬರುವುದಿಲ್ಲ. ಬ್ಲೋವರಿನ ಕೊಳವೆಯನ್ನು ತಳದವರೆಗೆ ಇಳಿಸಿ ಹೊಸ ಗಾಳಿ ಊದಬೇಕು, ಗ್ಯಾಸ್ ಮೀಟರ್ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು, ಇಳಿಯುವವನ ಸೊಂಟ ಹೆಗಲಿಗೆ ಪಟ್ಟಿ ಬಿಗಿದು ಮೇಲೆ ಎಳೆಯುವವರು ನಿಂತಿರಬೇಕು. ಊದುವುದು ನಿಲ್ಲಿಸಿದರೆ ಮತ್ತೆ ತುಂಬುತ್ತದೆ, ಹೀಗಾಗಿ ಕೆಲಸ ಮುಗಿಯುವವರೆಗೂ ಬ್ಲೋವರ್ ಓಡುತ್ತಿರಬೇಕು.

ನಿಮ್ಮ ಮನೆಯ ಕೆಲಸಕ್ಕೆ ಇದ್ಯಾವುದೂ ಬೇಕಿಲ್ಲ. ಮುಚ್ಚುವುದಕ್ಕೆ ಒಳಗೆ ಇಳಿಯುವ ಅಗತ್ಯವೇ ಇಲ್ಲ, ಅಂಚಿನಿಂದ ದೂರ ನಿಂತು ಬಾಯಿಯಿಂದಲೇ ಮಣ್ಣು ಸುರಿಯಬಹುದು. ಹಳೆಯ ಬಾಯಿಯ ಕಟ್ಟು ಸಡಿಲವಾಗಿರುತ್ತದೆ, ಅದರ ಮೇಲೆ ಯಾರೂ ಕಾಲಿಡಬೇಡಿ. ತಮ್ಮನ ಆಸೆಯನ್ನೂ ತೀರಿಸಬಹುದು. ಮೊಬೈಲಿನ ಟಾರ್ಚ್ ಹಚ್ಚಿ, ವಿಡಿಯೋ ಓಡುತ್ತಿರುವಂತೆ ಅದನ್ನು ಹಗ್ಗಕ್ಕೆ ಕಟ್ಟಿ ನಿಧಾನ ಇಳಿಬಿಟ್ಟು ಎಳೆದುಕೊಳ್ಳಲಿ, ಒಳಗೆ ಏನಿದೆ ಎಂದು ಮನೆಯವರೆಲ್ಲ ಕೂತು ನೋಡಿ. ತಾಮ್ರದ ಕೊಡ ಇದ್ದದ್ದೇ ಆದರೆ, ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿ ಊರಿನಲ್ಲಿ ಯಾರದಾದರೂ ಮನೆಯ ಅಟ್ಟದ ಮೇಲೆ ಇದ್ದೇ ಇರುತ್ತದೆ. ಅದನ್ನು ಕೇಳಿ ತಂದು ಮೇಲಿನಿಂದಲೇ ಎತ್ತಿಕೊಳ್ಳಿ.